ಹೊರಗಿನ ದಿನಕ್ಕೂ ಒಂದು ಕ್ರಮವಿರಲಿ

ಓದಿಕೊಳ್ಳಲು: ಮಾರ್ಕ 1:21-39, ಲೂಕ 2:41-52, ಲೂಕ 10:30-35, ವಿಮೋಚನಾಕಾಂಡ 18:13-26



ಮನೆಯೊಳಗಿನ ಬದುಕಿಗೆ ಒಂದು ಕ್ರಮ ತಾನಾಗಿಯೇ ಒದಗಿರುತ್ತದೆ. ಮುಂಜಾನೆ ಎದ್ದೊಡನೆ ಶಿಲುಬೆಯ ಗುರುತು, ಊಟಕ್ಕೆ ಮುಂಚೆ ಒಂದು ಚಿಕ್ಕ ಪ್ರಾರ್ಥನೆ, ಸಂಜೆ ಪೀಠದ ಮುಂದೆ ದೀಪ ಹಚ್ಚಿ ಜಪಸರ. ಇವೆಲ್ಲ ಗಡಿಯಾರ ನೋಡದೆಯೂ ನಡೆಯುತ್ತವೆ. ಮಾತ್ರೆಗಳು ಯಾವ ಗೂಡಿನಲ್ಲಿವೆ, ಕನ್ನಡಕ ಎಲ್ಲಿದೆ ಎಂದು ಹೆಚ್ಚು ಹುಡುಕಬೇಕಾಗಿಲ್ಲ. ಆದರೆ ಮನೆಗೆ ಬೀಗ ಹಾಕಿ ಇಡೀ ದಿನ ಹೊರಗೆ ಕಳೆಯಬೇಕಾಗಿ ಬಂದಾಗ ಈ ಕ್ರಮವೆಲ್ಲ ಬೀಗದ ಹಿಂದೆಯೇ ಉಳಿದುಬಿಡುತ್ತದೆ.

ಅಂಥ ದಿನಗಳು ಹಲವು ಬಗೆ. ಮಗಳನ್ನು ಕಾಲೇಜಿಗೆ ಸೇರಿಸುವ ದಿನ, ತಾಲ್ಲೂಕು ಕಚೇರಿಯಲ್ಲಿ ದಾಖಲೆಗಾಗಿ ಅಲೆಯುವ ದಿನ, ಪುಣ್ಯಕ್ಷೇತ್ರದ ಹಬ್ಬಕ್ಕೆ ಮಕ್ಕಳುಮರಿಗಳೊಂದಿಗೆ ಹೊರಡುವ ದಿನ. ಈ ವಾರ ನಾವು ಎಲ್ಲ ಕುಟುಂಬಗಳಿಗೂ ಎಂದಾದರೊಮ್ಮೆ ಬರುವ ಒಂದು ದಿನವನ್ನು ಆರಿಸಿಕೊಳ್ಳೋಣ: ಮನೆಯ ಹಿರಿಯರನ್ನು ದೂರದ ದೊಡ್ಡ ಆಸ್ಪತ್ರೆಗೆ ಕರೆದೊಯ್ಯುವ ದಿನ.

ಕತ್ತಲಿರುವಾಗಲೇ ಎದ್ದು ಮೊದಲ ಬಸ್ಸು ಹಿಡಿಯಬೇಕು. ಚೀಟಿ ಮಾಡಿಸಲು ಒಂದು ಸಾಲು, ವೈದ್ಯರನ್ನು ಕಾಣಲು ಇನ್ನೊಂದು ಸಾಲು, ರಕ್ತ ಪರೀಕ್ಷೆಗೆ ಮತ್ತೊಂದು, ಔಷಧಿಗೆ ಮಗದೊಂದು. ಮಧ್ಯೆ ಹಳೆಯ ಸ್ಕ್ಯಾನ್ ವರದಿ ಮನೆಯಲ್ಲೇ ಉಳಿದಿರುವುದು ತಿಳಿಯುತ್ತದೆ. ಜೆರಾಕ್ಸ್ ಅಂಗಡಿ ರಸ್ತೆಯ ಆಚೆ ಇದೆ. ಮೊಬೈಲಿನ ಬ್ಯಾಟರಿ ಮುಗಿದಿದೆ. ಮಧ್ಯಾಹ್ನದ ಮಾತ್ರೆ ಯಾರಿಗೂ ನೆನಪಾಗಲಿಲ್ಲ. ಸಂಜೆಯ ಹೊತ್ತಿಗೆ ಜೊತೆಗೆ ಹೋದವರ ಮಾತು ಗಡುಸಾಗುತ್ತದೆ. ಆಗ ಆ ಹಿರಿಯರು ಕೆಳದನಿಯಲ್ಲಿ ಒಂದು ಮಾತು ಹೇಳುತ್ತಾರೆ: "ನನ್ನಿಂದ ನಿಮಗೆಲ್ಲ ಎಷ್ಟು ತೊಂದರೆ!"

ಪ್ರಿಯರೇ, ಹೊರಗಿನ ದಿನ ಹದಗೆಟ್ಟಾಗ ಆಗುವ ನಿಜವಾದ ನಷ್ಟ ಇದೇ. ಹಣ, ಸಮಯ ಹೋದರೆ ಹೋಗಲಿ. ಆದರೆ ಕಾಯಿಲೆಯ ಜೊತೆಗೆ, ತಾನು ಇತರರಿಗೆ ಹೊರೆ ಎಂಬ ನೋವನ್ನೂ ಹೊತ್ತು ಒಬ್ಬ ಅಜ್ಜಿ ಮನೆಗೆ ಮರಳುತ್ತಾರಲ್ಲ, ಅದು ಯಾವ ಔಷಧಿಯಿಂದಲೂ ಬೇಗ ವಾಸಿಯಾಗದ ಗಾಯ. ಆದ್ದರಿಂದ ದಿನವನ್ನು ಕ್ರಮವಾಗಿ ಇಟ್ಟುಕೊಳ್ಳುವುದು ಕೇವಲ ಜಾಣತನದ ವಿಷಯವಲ್ಲ. ಅದು ಸೋದರ ಪ್ರೀತಿಯ ವಿಷಯ. ಈ ದೃಷ್ಟಿಯಿಂದ ಪವಿತ್ರ ಗ್ರಂಥವನ್ನು ತೆರೆದು ನೋಡೋಣ.

ಪ್ರಭುವಿನ ಬಿಡುವಿಲ್ಲದ ದಿನ

ಸಂತ ಮಾರ್ಕನ ಶುಭಸಂದೇಶದ ಮೊದಲನೆಯ ಅಧ್ಯಾಯದಲ್ಲಿ ಯೇಸುಸ್ವಾಮಿಯ ಒಂದು ಇಡೀ ದಿನದ ವಿವರವಿದೆ. ಅದು ಕಫೆರ್ನವುಮ್ ಪಟ್ಟಣದಲ್ಲಿ ಕಳೆದ ಒಂದು ಸಬ್ಬತ್ ದಿನ. ಪ್ರಾರ್ಥನಾ ಮಂದಿರದಲ್ಲಿ ಬೋಧನೆ. ಅಲ್ಲೇ ದೆವ್ವ ಹಿಡಿದವನೊಬ್ಬನ ಬಿಡುಗಡೆ. ಅಲ್ಲಿಂದ ನೇರವಾಗಿ ಸಿಮೋನ ಮತ್ತು ಅಂದ್ರೆಯರ ಮನೆಗೆ. ಅಲ್ಲಿ ಸಿಮೋನನ ಅತ್ತೆ ಜ್ವರದಿಂದ ಮಲಗಿದ್ದರು. ಪ್ರಭು ಹತ್ತಿರ ಹೋಗಿ ಕೈಹಿಡಿದು ಅವರನ್ನು ಎಬ್ಬಿಸಿದರು. ಸೂರ್ಯ ಮುಳುಗಿ ಸಬ್ಬತ್ ಮುಗಿದೊಡನೆ ಜನರು ತಮ್ಮ ರೋಗಿಗಳನ್ನೆಲ್ಲ ಹೊತ್ತು ತಂದರು. ಊರಿಗೆ ಊರೇ ಆ ಮನೆಯ ಬಾಗಿಲಲ್ಲಿ ನೆರೆದಿತ್ತು ಎಂದು ಮಾರ್ಕನು ತಿಳಿಸುತ್ತಾನೆ.

ನಮ್ಮ ಆಸ್ಪತ್ರೆಗಳ ಹೊರರೋಗಿ ವಿಭಾಗವನ್ನು ನೆನಪಿಸುವ ದೃಶ್ಯವಿದು, ಅಲ್ಲವೇ? ಆದರೆ ಆ ಗದ್ದಲದ ನಡುವೆ ನಾವು ಗಮನಿಸಬೇಕಾದ ಮೂರು ಅಂಶಗಳಿವೆ.

ಮೊದಲನೆಯದು: ಮರುದಿನ ಇನ್ನೂ ಕತ್ತಲಿರುವಾಗಲೇ ಪ್ರಭು ಎದ್ದು, ನಿರ್ಜನ ಸ್ಥಳಕ್ಕೆ ಹೋಗಿ ಪ್ರಾರ್ಥಿಸಿದರು. ಪ್ರಾರ್ಥನೆಗೆ ಸಮಯ ಸಿಗಲಿ ಎಂದು ಅವರು ಕಾದು ಕೂರಲಿಲ್ಲ. ಜನ ಏಳುವುದಕ್ಕೆ ಮುಂಚೆಯೇ ಅದನ್ನು ಮೀಸಲಿಟ್ಟರು.

ಎರಡನೆಯದು: ಎಲ್ಲರೂ ನಿಮ್ಮನ್ನು ಹುಡುಕುತ್ತಿದ್ದಾರೆ ಎಂದು ಸಿಮೋನನು ಹೇಳಿದಾಗ, ಪ್ರಭು ಪಕ್ಕದ ಊರುಗಳಿಗೆ ಹೋಗೋಣ ಎಂದರು, ತಾವು ಹೊರಟು ಬಂದ ಉದ್ದೇಶವನ್ನು ಅವರು ಮರೆಯಲಿಲ್ಲ. ಎಲ್ಲರ ಕರೆಗೂ ಓಗೊಡುತ್ತಾ ಹೋದರೆ ಮುಖ್ಯವಾದ ಕೆಲಸ ಕೈತಪ್ಪುತ್ತದೆ ಎಂಬುದನ್ನು ಅವರ ನಡೆ ತೋರಿಸುತ್ತದೆ.

ಮೂರನೆಯದು: ಅಷ್ಟೊಂದು ಕೆಲಸದ ನಡುವೆಯೂ ಆ ಅತ್ತೆಯ ಕೈ ಹಿಡಿಯಲು ಅವರಿಗೆ ಪುರುಸೊತ್ತಿತ್ತು. ದಿನ ಎಷ್ಟೇ ತುಂಬಿದ್ದರೂ ಎದುರಿಗಿರುವ ವ್ಯಕ್ತಿ ಅವರ ಕಣ್ಣಿಗೆ ಒಂದು ಕೆಲಸವಾಗಿ ಕಾಣಲಿಲ್ಲ.

ಪ್ರಾರ್ಥನೆಗೆ ಮೀಸಲು ಹೊತ್ತು, ದಿನದ ಮುಖ್ಯ ಉದ್ದೇಶ, ಎದುರಿಗಿರುವ ವ್ಯಕ್ತಿ. ನಮ್ಮ ಹೊರಗಿನ ದಿನಕ್ಕೂ ಈ ಮೂರೇ ಆಧಾರ.

ಹಿಂದಿನ ಸಂಜೆಯೇ ದಿನದ ಆರಂಭ

ಪವಿತ್ರ ಗ್ರಂಥದ ಲೆಕ್ಕದಲ್ಲಿ ದಿನ ಆರಂಭವಾಗುವುದು ಬೆಳಿಗ್ಗೆಯಲ್ಲ, ಹಿಂದಿನ ಸಂಜೆ. ಆದಿಕಾಂಡದ ಸೃಷ್ಟಿಯ ವರ್ಣನೆಯಲ್ಲಿ ಸಾಯಂಕಾಲ ಮೊದಲು ಬರುತ್ತದೆ, ಪ್ರಾತಃಕಾಲ ಆಮೇಲೆ. ಯೆಹೂದ್ಯರ ಸಬ್ಬತ್ ಇಂದಿಗೂ ಶುಕ್ರವಾರದ ಸೂರ್ಯಾಸ್ತಕ್ಕೆ ಆರಂಭವಾಗುತ್ತದೆ. ನಮ್ಮ ಧರ್ಮಸಭೆಯೂ ಶನಿವಾರ ಸಂಜೆಯ ಬಲಿಪೂಜೆಯನ್ನು ಭಾನುವಾರದ ಕರ್ತವ್ಯಕ್ಕೆ ಸಲ್ಲುವಂತೆ ಒಪ್ಪಿಕೊಂಡಿದೆ. ಭಾನುವಾರ ಊರು ಬಿಡಬೇಕಾದವರು ಇದನ್ನು ನೆನಪಿಡುವುದು ಒಳ್ಳೆಯದು.

ಈ ತಿಳುವಳಿಕೆಯನ್ನು ನಮ್ಮ ಆಸ್ಪತ್ರೆಯ ದಿನಕ್ಕೂ ಅನ್ವಯಿಸಿಕೊಳ್ಳೋಣ. ಬೆಳಗಿನ ನಾಲ್ಕೂವರೆಗೆ ಮಾಡಲು ಹೋಗಿ ಕೆಡಿಸುವ ಕೆಲಸಗಳನ್ನು ಹಿಂದಿನ ಸಂಜೆಯೇ ಮುಗಿಸಿರಿ.

ಕಾಗದ ಪತ್ರಗಳು: ಎಲ್ಲ ಹಳೆಯ ಚೀಟಿಗಳನ್ನೂ ವರದಿಗಳನ್ನೂ ತಾರೀಖಿನ ಪ್ರಕಾರ ಜೋಡಿಸಿ, ಹೊಸದು ಮೇಲೆ ಬರುವಂತೆ ಒಂದೇ ಫೈಲಿನಲ್ಲಿ ಇಡಿರಿ. ಆಧಾರ್ ಮತ್ತು ಪಡಿತರ ಚೀಟಿಯ ಮೂಲಪ್ರತಿ, ಎರಡೆರಡು ಜೆರಾಕ್ಸ್ ಪ್ರತಿ, ಬೇರೆ ವೈದ್ಯರು ಕೊಟ್ಟ ಶಿಫಾರಸು ಪತ್ರವಿದ್ದರೆ ಅದೂ ಜೊತೆಗಿರಲಿ. 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯಡಿ ಸರ್ಕಾರಿ ಬಸ್ಸಿನಲ್ಲಿ ಉಚಿತವಾಗಿ ಪ್ರಯಾಣಿಸುವ ತಾಯಂದಿರಿಗೂ ಗುರುತಿನ ಚೀಟಿ ಬೇಕು. ಅದು ಫೈಲಿನ ತಳದಲ್ಲಿದ್ದರೆ ಕಂಡಕ್ಟರರ ಮುಂದೆ ಎಲ್ಲವನ್ನೂ ಹರಡಬೇಕಾಗುತ್ತದೆ. ಕೈಗೆ ಸಿಗುವ ಜಾಗದಲ್ಲಿ ಇಡಿರಿ.

ವೈದ್ಯರಿಗೆ ಹೇಳಬೇಕಾದದ್ದು: ಗಂಟೆಗಟ್ಟಲೆ ಕಾದು ಒಳಗೆ ಹೋದಾಗ ವೈದ್ಯರ ಮುಂದೆ ಸಿಗುವುದು ಕೆಲವೇ ನಿಮಿಷ. ಆಗ ಅರ್ಧ ಮಾತು ಮರೆತುಹೋಗುತ್ತದೆ. ಒಂದು ಸಣ್ಣ ಕಾಗದದಲ್ಲಿ ನೋವು ಯಾವಾಗಿನಿಂದ ಇದೆ, ಈಗ ಯಾವ ಯಾವ ಮಾತ್ರೆ ನಡೆಯುತ್ತಿದೆ, ಯಾವ ಔಷಧಿ ಮೈಗೆ ಒಗ್ಗುವುದಿಲ್ಲ, ಕೇಳಬೇಕಾದ ಎರಡು ಮೂರು ಪ್ರಶ್ನೆಗಳೇನು ಎಂದು ಬರೆದುಕೊಳ್ಳಿರಿ. ಇದನ್ನು ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವರನ್ನೇ ಕೇಳಿ ಬರೆಯಿರಿ. ಕಾಯಿಲೆ ಅವರದು, ಮಾತೂ ಅವರದೇ ಆಗಿರಲಿ.

ಔಷಧಿ ಮತ್ತು ಆಹಾರ: ಖಾಲಿ ಹೊಟ್ಟೆಯ ರಕ್ತ ಪರೀಕ್ಷೆಗೆ ಸಾಮಾನ್ಯವಾಗಿ 8ರಿಂದ 12 ಗಂಟೆಗಳ ಉಪವಾಸ ಬೇಕು; ಬರೀ ನೀರು ಕುಡಿಯಬಹುದು. ಸಕ್ಕರೆ ಕಾಯಿಲೆಯ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಂಡು ಊಟ ತಡವಾದರೆ ರಕ್ತದ ಸಕ್ಕರೆ ಕುಸಿದು ಬೆವರು, ನಡುಕ, ತಲೆಸುತ್ತು ಬರುತ್ತದೆ. ಆದ್ದರಿಂದ ಪರೀಕ್ಷೆಯ ದಿನ ಯಾವ ಮಾತ್ರೆಯನ್ನು ಯಾವಾಗ ಕೊಡಬೇಕೆಂದು ವೈದ್ಯರನ್ನು ಮೊದಲೇ ಕೇಳಿಕೊಳ್ಳಿರಿ. ಸಕ್ಕರೆಯ ಒಂದು ಚಿಕ್ಕ ಪೊಟ್ಟಣ ಚೀಲದಲ್ಲಿರಲಿ. ಎಚ್ಚರವಿರುವಾಗ ಮೂರು ಚಮಚದಷ್ಟು ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ ಕುಡಿಸಿದರೆ ಆ ಗಳಿಗೆಗೆ ಆಸರೆಯಾಗುತ್ತದೆ. ರಕ್ತ ಕೊಟ್ಟು ಬಂದ ಕೂಡಲೇ ತಿನ್ನಲು ಡಬ್ಬಿಯಲ್ಲಿ ಇಡ್ಲಿಯೋ ಚಪಾತಿಯೋ ಇದ್ದರೆ ಕ್ಯಾಂಟೀನಿನ ಸಾಲು ತಪ್ಪುತ್ತದೆ. ಬಿಸಿ ಅನ್ನವನ್ನು ಹಾಗೆಯೇ ಮುಚ್ಚಿದರೆ ಮಧ್ಯಾಹ್ನಕ್ಕೆ ಹಳಸುತ್ತದೆ, ಆರಿಸಿ ಮುಚ್ಚಿರಿ. ಜೊತೆಗೆ ಹೋಗುವವರ ಪಾಲನ್ನೂ ಕಟ್ಟಿಕೊಳ್ಳಲು ಮರೆಯದಿರಿ. ಹಸಿದ ಹೊಟ್ಟೆಯಿಂದ ತಾಳ್ಮೆಯ ಮಾತು ಬರುವುದು ಕಷ್ಟ.

ಹಣ ಮತ್ತು ಫೋನು: ಚಿಲ್ಲರೆ ಬೇರೆ, ಔಷಧಿಯ ಹಣ ಬೇರೆ, ಹಿಂತಿರುಗುವ ಬಸ್ಸಿನ ಹಣ ಬೇರೆ. ಮೂರೂ ಒಂದೇ ಪರ್ಸಿನಲ್ಲಿರುವುದು ಬೇಡ. ಮೊಬೈಲಿನಲ್ಲೇ ಹಣ ಕಟ್ಟುವ ಅಭ್ಯಾಸವಿರುವವರೂ ಸ್ವಲ್ಪ ನಗದು ಇಟ್ಟುಕೊಳ್ಳಲಿ. ಮನೆಯವರ ಎರಡು ಫೋನ್ ನಂಬರನ್ನು ಕಾಗದದಲ್ಲಿ ಬರೆದು ಹಿರಿಯರ ಜೇಬಿನಲ್ಲೋ ಸೆರಗಿನ ಗಂಟಿನಲ್ಲೋ ಇಡಿರಿ. ಆಂಬುಲೆನ್ಸಿಗೆ 108, ಬೇರೆ ತುರ್ತಿಗೆ 112 ಎಂಬುದು ಮಕ್ಕಳಿಗೂ ತಿಳಿದಿರಲಿ.

ಇಷ್ಟಾದ ಮೇಲೆ ಕುಟುಂಬವೆಲ್ಲ ಪೀಠದ ಮುಂದೆ ಸೇರಿ, ನಾಳೆಯ ದಿನವನ್ನೂ ಅಲ್ಲಿ ಎದುರಾಗುವ ವೈದ್ಯರು, ದಾದಿಯರು, ಸಿಬ್ಬಂದಿ ಮತ್ತು ಇತರ ರೋಗಿಗಳನ್ನೂ ದೇವರಿಗೆ ಒಪ್ಪಿಸಿರಿ.

ಒಬ್ಬ ಸಂತರ ಸಲಹೆ

ಜಿನೀವಾದ ಬಿಷಪರಾಗಿದ್ದ ಸಂತ ಫ್ರಾನ್ಸಿಸ್ ಸೇಲ್ಸರು (1567-1622) ಸಂಸಾರಸ್ಥರಿಗಾಗಿಯೇ ಬರೆದ ಭಕ್ತಿಜೀವನದ ಪುಸ್ತಕ 1609ರಲ್ಲಿ ಪ್ರಕಟವಾಯಿತು. ಭಕ್ತಿ ಎಂಬುದು ಮಠಗಳಿಗೆ ಮಾತ್ರ ಸೇರಿದ್ದಲ್ಲ, ಅವರವರ ಜೀವನಸ್ಥಿತಿಗೆ ತಕ್ಕಂತೆ ಪ್ರತಿಯೊಬ್ಬರೂ ಅದನ್ನು ಬಾಳಬೇಕು ಎಂಬುದು ಅವರ ಉಪದೇಶ. ಆ ಪುಸ್ತಕದಲ್ಲಿ ಬೆಳಗಿನ ಪ್ರಾರ್ಥನೆಯ ಬಗ್ಗೆ ಬಹಳ ಉಪಯುಕ್ತವಾದ ಸಲಹೆಯಿದೆ. ಇಂದು ಯಾವ ಕೆಲಸ ಬರಲಿದೆ, ಯಾರನ್ನು ಭೇಟಿಯಾಗಲಿದ್ದೇನೆ, ಎಲ್ಲಿ ನನಗೆ ಕೋಪ ಬರಬಹುದು ಎಂಬುದನ್ನು ದೇವರ ಮುಂದೆ ಮೊದಲೇ ಯೋಚಿಸಿಕೊಳ್ಳಬೇಕು. ಮುಂಗೋಪಿಯೊಬ್ಬರ ಜೊತೆ ವ್ಯವಹರಿಸಬೇಕಾಗಿದ್ದರೆ ಮೃದುವಾದ ಮಾತುಗಳನ್ನು ಮೊದಲೇ ಸಿದ್ಧಮಾಡಿಕೊಳ್ಳಬೇಕು. ರೋಗಿಯನ್ನು ನೋಡಲು ಹೋಗುವುದಿದ್ದರೆ ಹೋಗುವ ಹೊತ್ತನ್ನೂ, ಒಯ್ಯಬೇಕಾದ ನೆರವನ್ನೂ, ಹೇಳಬೇಕಾದ ಸಾಂತ್ವನವನ್ನೂ ಮೊದಲೇ ಗೊತ್ತುಮಾಡಿಕೊಳ್ಳಬೇಕು.

ಗಮನಿಸಿರಿ, ಈ ಸಂತರು ದಿನದ ಯೋಜನೆಯನ್ನು ಪ್ರಾರ್ಥನೆಯಿಂದ ಬೇರೆ ಮಾಡಲಿಲ್ಲ. ಚೀಲಕ್ಕೆ ಫೈಲನ್ನು ಹಾಕಿಕೊಳ್ಳುವಂತೆಯೇ ನಾಲಿಗೆಗೆ ಒಳ್ಳೆಯ ಮಾತನ್ನೂ ಹಾಕಿಕೊಂಡು ಹೊರಡಬೇಕು. ಕಿಟಕಿಯಾಚೆಯ ಗುಮಾಸ್ತರು ಗದರಿದರೆ ಏನು ಹೇಳುತ್ತೀರಿ? ಸಾಲಿನಲ್ಲಿ ಯಾರಾದರೂ ನಡುವೆ ನುಗ್ಗಿದರೆ? ಉತ್ತರವನ್ನು ಬಸ್ಸಿನಲ್ಲಿ ಕುಳಿತಾಗಲೇ ಸಿದ್ಧಮಾಡಿಕೊಂಡವರು ಕಿಟಕಿಯ ಮುಂದೆ ಮುಗ್ಗರಿಸುವುದು ಕಡಿಮೆ.

"ಅವರ ಹತ್ತಿರ ಇರಬಹುದು"

ಹನ್ನೆರಡು ವರ್ಷದ ಬಾಲಯೇಸುವಿನ ಜೆರುಸಲೇಮ್ ಯಾತ್ರೆ ನಿಮಗೆಲ್ಲ ತಿಳಿದಿದೆ. ಪಾಸ್ಖ ಹಬ್ಬ ಮುಗಿಸಿ ಹಿಂತಿರುಗುವಾಗ, ಮಗನು ಗುಂಪಿನಲ್ಲೇ ಇದ್ದಾನೆಂದು ಭಾವಿಸಿ ಮಾತೆ ಮರಿಯಮ್ಮನವರೂ ಸಂತ ಜೋಸೆಫರೂ ಒಂದು ದಿನದ ಹಾದಿ ನಡೆದಿದ್ದರು. ಅನಂತರ ಬಂಧುಬಳಗದಲ್ಲಿ ಹುಡುಕಿ, ಕಾಣದೆ, ಜೆರುಸಲೇಮಿಗೆ ಮರಳಿದರು. ಮೂರನೆಯ ದಿನ ಮಹಾದೇವಾಲಯದಲ್ಲಿ ಬೋಧಕರ ನಡುವೆ ಬಾಲಕನನ್ನು ಕಂಡರು.

ಈ ಘಟನೆಯ ಮುಖ್ಯ ಸಂದೇಶ, ಯೇಸು ತಮ್ಮ ಪಿತನ ಕಾರ್ಯಕ್ಕೆ ಸೇರಿದವರು ಎಂಬುದು. ಪವಿತ್ರ ಕುಟುಂಬದ ಮೇಲೆ ಅಜಾಗರೂಕತೆಯ ಮಾತು ಹೊರಿಸುವುದು ನಮ್ಮ ಉದ್ದೇಶವಲ್ಲ. ಆದರೂ ನಮ್ಮ ಕುಟುಂಬಗಳಿಗೆ ಇಲ್ಲಿ ಎರಡು ಕಿವಿಮಾತುಗಳಿವೆ.

ದೊಡ್ಡ ಗುಂಪಿನಲ್ಲಿ ಹೋದಾಗ ಒಬ್ಬರು ಇನ್ನೊಬ್ಬರ ಮೇಲೆ ಭರವಸೆಯಿಟ್ಟು ನಿಶ್ಚಿಂತರಾಗಿರುತ್ತೇವೆ. ಫೈಲು ಅಣ್ಣನ ಹತ್ತಿರ ಇರಬಹುದು, ಮಾತ್ರೆ ಅತ್ತಿಗೆಯ ಹತ್ತಿರ ಇರಬಹುದು, ಮಗು ಚಿಕ್ಕಮ್ಮನ ಜೊತೆ ಇರಬಹುದು. ಈ "ಇರಬಹುದು" ಎಂಬ ಮಾತು ಹೊರಗಿನ ದಿನಕ್ಕೆ ತಕ್ಕದ್ದಲ್ಲ. ಹೊರಡುವಾಗಲೇ ಒಂದೊಂದು ವಸ್ತುವಿಗೂ ಒಬ್ಬೊಬ್ಬರ ಹೆಸರು ಹೇಳಿಬಿಡಿರಿ. ಮಕ್ಕಳಿದ್ದರೆ ಬಸ್ಸು ಹತ್ತುವಾಗ ಒಮ್ಮೆ, ಇಳಿದ ಮೇಲೆ ಒಮ್ಮೆ ಎಣಿಸಿರಿ. ಗುಂಪು ಚದುರಿದರೆ ಎಲ್ಲಿ ಸೇರಬೇಕೆಂದು ಮೊದಲೇ ಒಂದು ಜಾಗ ಗೊತ್ತುಮಾಡಿರಿ.

ಎರಡನೆಯ ಕಿವಿಮಾತು ಇನ್ನೂ ಮುಖ್ಯವಾದದ್ದು. ಮಗನು ಕಾಣದಿದ್ದಾಗ ಆ ತಂದೆತಾಯಿ ಒಬ್ಬರನ್ನೊಬ್ಬರು ದೂಷಿಸಿದರೆಂದು ಶುಭಸಂದೇಶ ಎಲ್ಲಿಯೂ ಹೇಳುವುದಿಲ್ಲ. ಇಬ್ಬರೂ ಕೂಡಿಯೇ ಹುಡುಕಿದರು; ಮಗನು ಸಿಕ್ಕಾಗ ಮರಿಯಮ್ಮನವರು ಮಾತನಾಡಿದ್ದು ಇಬ್ಬರ ಪರವಾಗಿ. ನಮ್ಮಲ್ಲಿ ಒಂದು ಚೀಟಿ ಕಳೆದರೆ ಸಾಕು, ಹುಡುಕುವುದಕ್ಕೆ ಮುಂಚೆ "ನೀನು ಯಾಕೆ ನೋಡಿಕೊಳ್ಳಲಿಲ್ಲ?" ಎಂಬ ವಿಚಾರಣೆ ನಡೆಯುತ್ತದೆ. ಮೊದಲು ಹುಡುಕಿರಿ. ವಿಚಾರಣೆಯನ್ನು ನಾಳೆಗೆ ಬಿಡಿರಿ. ನಾಳೆಗೆ ಅದರ ಅಗತ್ಯವೇ ಇಲ್ಲದಿರಬಹುದು.

ಭಾರವನ್ನು ಹಂಚಿಕೊಳ್ಳಿರಿ

ಮೋಶೆಯು ಬೆಳಗಿನಿಂದ ಸಂಜೆಯವರೆಗೆ ಒಬ್ಬನೇ ಕುಳಿತು ಜನರ ವ್ಯಾಜ್ಯಗಳನ್ನು ತೀರಿಸುತ್ತಿದ್ದುದನ್ನು ಅವನ ಮಾವ ಇತ್ರೋ ನೋಡಿದನು. ಹೀಗೆ ಮಾಡಿದರೆ ನೀನೂ ಬಳಲುತ್ತೀ, ಜನರೂ ಬಳಲುತ್ತಾರೆ ಎಂದು ಎಚ್ಚರಿಸಿದನು. ಸಾವಿರ, ನೂರು, ಐವತ್ತು, ಹತ್ತು ಜನರ ಮೇಲೆ ಯೋಗ್ಯರಾದ ಮುಖಂಡರನ್ನು ನೇಮಿಸಿ, ಕಠಿಣವಾದವುಗಳನ್ನು ಮಾತ್ರ ಇಟ್ಟುಕೊಳ್ಳಲು ಸಲಹೆಯಿತ್ತನು. ಮೋಶೆಯು ಮಾವನ ಮಾತನ್ನು ಕೇಳಿದನು.

ನಮ್ಮ ಅನೇಕ ಮನೆಗಳಲ್ಲಿ ಆಸ್ಪತ್ರೆಯ ಕೆಲಸ ಯಾವಾಗಲೂ ಒಬ್ಬರ ತಲೆಯ ಮೇಲೆಯೇ ಬೀಳುತ್ತದೆ. ಸಾಮಾನ್ಯವಾಗಿ ಆಕೆ ಮನೆಯ ಸೊಸೆ ಅಥವಾ ಮದುವೆಯಾಗದೆ ಉಳಿದ ಮಗಳು. ನಸುಕಿನಲ್ಲಿ ಎದ್ದು ಅಡಿಗೆ ಮಾಡಿ, ಮಕ್ಕಳ ಡಬ್ಬಿ ಕಟ್ಟಿ, ದಿನವಿಡೀ ಸಾಲಿನಲ್ಲಿ ನಿಂತು, ರಾತ್ರಿ ಮರಳಿ ಮತ್ತೆ ಒಲೆಯ ಮುಂದೆ ನಿಲ್ಲುವವರೂ ಆಕೆಯೇ. ಇತರರು ರಾತ್ರಿ ಬಂದು "ಡಾಕ್ಟರು ಏನಂದರು?" ಎಂದು ಕೇಳುತ್ತಾರೆ. ಪ್ರಿಯರೇ, ಇದು ಒಬ್ಬರ ಸೇವಾಮನೋಭಾವವಲ್ಲ, ಇತರರೆಲ್ಲರ ಆಲಸ್ಯ. ಯಾರಾದರೊಬ್ಬರು ಇತ್ರೋವಿನಂತೆ ಅದನ್ನು ಗುರುತಿಸಿ ಬಾಯಿಬಿಟ್ಟು ಹೇಳಬೇಕು. ಮಾವನೇ ಹೇಳಿದರೆ ಇನ್ನೂ ಒಳ್ಳೆಯದು!

ಒಬ್ಬರು ಹಿರಿಯರ ಪಕ್ಕದಲ್ಲಿ ಕೂರಲಿ, ಇನ್ನೊಬ್ಬರು ಸಾಲಿನಲ್ಲಿ ನಿಲ್ಲಲಿ. ಹೋಗಲಾಗದ ಮಗನು ರಜೆ ಹಾಕಲಾಗದಿದ್ದರೂ ಹಿಂದಿನ ಸಂಜೆ ಫೈಲು ಜೋಡಿಸಬಹುದು, ರಾತ್ರಿಯ ಅಡಿಗೆ ಮಾಡಿಡಬಹುದು. ಶಾಲೆಗೆ ಹೋಗುವ ಮಕ್ಕಳು ನೀರು ತುಂಬಿಸಬಹುದು, ಕೋಳಿಗಳನ್ನು ಗೂಡಿಗೆ ಸೇರಿಸಬಹುದು. ಯಾರೂ ಇಲ್ಲದ ವೃದ್ಧ ದಂಪತಿಗಳು ನಿಮ್ಮ ಧರ್ಮಕೇಂದ್ರದಲ್ಲಿದ್ದರೆ, ಅವರ ಆಸ್ಪತ್ರೆಯ ದಿನಕ್ಕೆ ಒಬ್ಬ ಯುವಕನನ್ನೋ ಯುವತಿಯನ್ನೋ ಜೊತೆಗೆ ಕಳುಹಿಸುವುದು ನಿಮ್ಮ ಕಿರು ಕ್ರೈಸ್ತ ಸಮುದಾಯವು ಕೈಗೊಳ್ಳಬಹುದಾದ ಬಹು ದೊಡ್ಡ ಕರುಣೆಯ ಕಾರ್ಯ.

ಕಾಯುವ ಹೊತ್ತು

ಹೊರಗಿನ ದಿನದಲ್ಲಿ ಕೆಲಸಕ್ಕಿಂತ ಕಾಯುವುದೇ ಹೆಚ್ಚು. ಈ ಹೊತ್ತು ವ್ಯರ್ಥವಾಯಿತೆಂದು ಗೊಣಗುತ್ತೇವೆ. ಆದರೆ ಧರ್ಮಸಭೆಯ ಪ್ರಾಚೀನ ಅಭ್ಯಾಸಗಳು ಇಂಥ ಹೊತ್ತಿಗೆ ಹೇಳಿ ಮಾಡಿಸಿದಂತಿವೆ.

ಬೆಳಿಗ್ಗೆ, ಮಧ್ಯಾಹ್ನ, ಸಂಜೆ ದೇವಾಲಯದ ಗಂಟೆ ಬಾರಿಸಿದಾಗ ಹೇಳುವ ತ್ರಿಕಾಲ ಪ್ರಾರ್ಥನೆಗೆ ಎರಡು ಮೂರು ನಿಮಿಷ ಸಾಕು. ಮನೆಯಲ್ಲಿ ಗಂಟೆ ನಮಗಾಗಿ ಬಾರಿಸುತ್ತದೆ. ಆಸ್ಪತ್ರೆಯಲ್ಲಿ ಮೊಬೈಲಿನ ಅಲಾರಂ ಆ ಕೆಲಸ ಮಾಡಲಿ. ಮಧ್ಯಾಹ್ನ ಹನ್ನೆರಡಕ್ಕೆ ಅದು ಮೊಳಗಿದಾಗ ಒಂದು ಪ್ರಾರ್ಥನೆ, ಜೊತೆಗೆ ಮೂರು ವಿಚಾರಣೆ: ಹಿರಿಯರು ನೀರು ಕುಡಿದರೇ? ಮಾತ್ರೆ ಆಯಿತೇ? ಶೌಚಕ್ಕೆ ಹೋಗಬೇಕೇ? ಎಷ್ಟೋ ಹಿರಿಯರು ಸಂಕೋಚದಿಂದ ತಾವಾಗಿ ಕೇಳುವುದಿಲ್ಲ.

ಸಂತ ಲೊಯೋಲದ ಇಗ್ನಾಸಿಯವರು (1491-1556) ಹಗಲು ಮತ್ತು ರಾತ್ರಿ ಆತ್ಮಶೋಧನೆ ಮಾಡಿಕೊಳ್ಳುವ ಕ್ರಮವನ್ನು ಕಲಿಸಿದರು. ದಿನ ಮುಗಿದ ಮೇಲೆ ಪಶ್ಚಾತ್ತಾಪ ಪಡುವುದಕ್ಕಿಂತ, ನಡುಹಗಲಲ್ಲೇ ಒಮ್ಮೆ ನಿಂತು ನೋಡಿಕೊಂಡರೆ ಉಳಿದ ಅರ್ಧ ದಿನವನ್ನು ಸರಿಪಡಿಸಬಹುದು. ಬೆಳಿಗ್ಗೆ ಯಾರಿಗಾದರೂ ಬಿರುಸಾಗಿ ಮಾತನಾಡಿದ್ದರೆ ಸಂಜೆಯವರೆಗೆ ಕಾಯದೆ ಕ್ಷಮೆ ಕೇಳಿರಿ. ಜಪಸರ ಹೇಳಲು ಮಣಿಗಳು ಬೇಕೇ ಬೇಕೆಂದಿಲ್ಲ; ಹತ್ತು ಬೆರಳುಗಳು ಯಾವಾಗಲೂ ಜೊತೆಗಿರುತ್ತವೆ. ಒಂದೊಂದು ದಶಕವನ್ನು ಪಕ್ಕದ ಬೆಂಚಿನಲ್ಲಿ ಕುಳಿತ ಹೆಸರರಿಯದ ರೋಗಿಗಾಗಿ ಒಪ್ಪಿಸಬಹುದು.

ಇನ್ನೊಂದು ವಿಷಯ ಅನೇಕರಿಗೆ ತಿಳಿದಿಲ್ಲ. ಪರಮಪ್ರಸಾದಕ್ಕೆ ಮುಂಚೆ ಒಂದು ಗಂಟೆಯ ಉಪವಾಸವನ್ನು ಧರ್ಮಸಭೆ ವಿಧಿಸಿದೆ. ಆದರೆ 1983ರ ಧರ್ಮಸಭೆಯ ಕಾನೂನುಸಂಹಿತೆಯ 919ನೇ ವಿಧಿಯು ವೃದ್ಧರಿಗೆ, ರೋಗಿಗಳಿಗೆ ಮತ್ತು ಅವರ ಆರೈಕೆ ಮಾಡುವವರಿಗೆ ಈ ನಿಯಮದಿಂದ ವಿನಾಯಿತಿ ನೀಡಿದೆ. ಆದ್ದರಿಂದ ಆಸ್ಪತ್ರೆಯ ಪ್ರಾರ್ಥನಾಲಯದಲ್ಲಿ ಬಲಿಪೂಜೆ ಇದ್ದರೆ, ಈಗ ತಾನೇ ತಿಂಡಿ ತಿಂದೆವಲ್ಲ ಎಂದು ಅಳುಕುವುದು ಬೇಡ. ತಾಯಿಯಾದ ಧರ್ಮಸಭೆ ನಿಮ್ಮ ದಣಿವನ್ನು ಬಲ್ಲಳು.

ಕ್ರಮವೇ ದೇವರಲ್ಲ

ಇಷ್ಟೆಲ್ಲ ಹೇಳಿದ ಮೇಲೆ ಒಂದು ಎಚ್ಚರಿಕೆಯ ಮಾತೂ ಅಗತ್ಯ. ಕೆಲವರಿಗೆ ಕ್ರಮವೇ ಒಂದು ವಿಗ್ರಹವಾಗಿಬಿಡುತ್ತದೆ. ಹಾಕಿಕೊಂಡ ಲೆಕ್ಕ ಒಂದಿಷ್ಟು ತಪ್ಪಿದರೆ ಸಿಡಿಮಿಡಿಗೊಳ್ಳುತ್ತಾರೆ. ನಿಧಾನವಾಗಿ ಹೆಜ್ಜೆಯಿಡುವ ಅಜ್ಜ ಅವರ ಪಾಲಿಗೆ ಅಡ್ಡಿಯಾಗುತ್ತಾರೆ. ಇಂಥವರು ಸಂತ ಲೂಕನ ಹತ್ತನೆಯ ಅಧ್ಯಾಯದ ದಯಾಳು ಸಮಾರಿಯದವನನ್ನು ಮತ್ತೊಮ್ಮೆ ನೋಡಬೇಕು.

ಅವನೂ ಪ್ರಯಾಣದಲ್ಲಿದ್ದವನೇ. ದಾರಿಯಲ್ಲಿ ಗಾಯಗೊಂಡು ಬಿದ್ದವನನ್ನು ಕಂಡು ನಿಂತನು. ಆದರೆ ಅವನ ಕರುಣೆ ಬರಿಗೈಯ ಕರುಣೆಯಾಗಿರಲಿಲ್ಲ. ಗಾಯಕ್ಕೆ ಹಾಕಲು ಎಣ್ಣೆ, ದ್ರಾಕ್ಷಾರಸ ಅವನ ಬಳಿ ಇದ್ದವು. ಕೂರಿಸಲು ವಾಹನದ ಪಶು ಇತ್ತು. ಮರುದಿನ ಛತ್ರದವನಿಗೆ ಕೊಡಲು ಎರಡು ದಿನಾರಿ ನಾಣ್ಯಗಳಿದ್ದವು. ಹೆಚ್ಚು ಖರ್ಚಾದರೆ ಹಿಂತಿರುಗಿ ಬರುವಾಗ ಕೊಡುವೆನೆಂದು ಹೇಳಿ, ಕೆಲಸವನ್ನು ಇನ್ನೊಬ್ಬರಿಗೆ ಸರಿಯಾಗಿ ಒಪ್ಪಿಸಿ ಅವನು ತನ್ನ ದಾರಿ ಹಿಡಿದನು. ಸಿದ್ಧತೆ ಮಾಡಿಕೊಂಡು ಹೊರಟಿದ್ದರಿಂದಲೇ ಅವನಿಗೆ ನಿಂತು ನೆರವಾಗುವುದು ಸಾಧ್ಯವಾಯಿತು.

ಕ್ರಮದ ಉದ್ದೇಶ ಇದೇ. ನಮ್ಮ ಕೈಚೀಲ, ನಮ್ಮ ಫೈಲು, ನಮ್ಮ ವೇಳೆ ಸರಿಯಾಗಿದ್ದರೆ ಅನಿರೀಕ್ಷಿತವಾಗಿ ಎದುರಾದವರಿಗೆ ಕೊಡಲು ನಮ್ಮಲ್ಲಿ ಸ್ವಲ್ಪ ಮನಸ್ಸು ಉಳಿದಿರುತ್ತದೆ. ಅಕ್ಷರ ಬಾರದ ಒಬ್ಬ ತಾಯಿ ತನ್ನ ಚೀಟಿ ಹಿಡಿದು ಯಾವ ಕೋಣೆಗೆ ಹೋಗಬೇಕೆಂದು ಕೇಳಿದಾಗ, ಗಲಿಬಿಲಿಯಲ್ಲಿರುವವನು "ಅಲ್ಲಿ ಕೇಳಿ" ಎಂದು ಕೈತೋರಿಸುತ್ತಾನೆ. ಸಿದ್ಧನಾಗಿ ಬಂದವನು ಜೊತೆಯಲ್ಲಿ ನಾಲ್ಕು ಹೆಜ್ಜೆ ನಡೆಯಬಲ್ಲನು. ಆದ್ದರಿಂದ ದಿನವನ್ನು ಗೊತ್ತುಮಾಡುವಾಗ ಅಂಚಿನವರೆಗೆ ತುಂಬಿಸಬೇಡಿರಿ. ಆಸ್ಪತ್ರೆಯ ದಿನದಲ್ಲೇ ಬಟ್ಟೆ ಅಂಗಡಿ, ಬ್ಯಾಂಕು, ನೆಂಟರ ಮನೆ ಎಲ್ಲವನ್ನೂ ಸೇರಿಸಬೇಡಿರಿ. ಪ್ರಭುವಿನಂತೆ, ಈ ದಿನ ಯಾವುದಕ್ಕಾಗಿ ಹೊರಟಿದ್ದೇವೆ ಎಂಬುದನ್ನು ನೆನಪಿಡಿರಿ.

ಮನೆಗೆ ಮರಳಿದ ಮೇಲೆ

ಐದು ಸಾವಿರ ಜನರ ಊಟವಾದ ಮೇಲೆ ಉಳಿದ ತುಂಡುಗಳನ್ನು ಒಟ್ಟುಗೂಡಿಸಲು ಪ್ರಭು ಶಿಷ್ಯರಿಗೆ ಹೇಳಿದರು. ಹನ್ನೆರಡು ಬುಟ್ಟಿಗಳು ತುಂಬಿದವು (ಯೊವಾನ್ನ 6:12-13). ಅದ್ಭುತ ನಡೆದ ದಿನವೂ ಕೊನೆಯ ಕೆಲಸ ಉಳಿದದ್ದನ್ನು ಎತ್ತಿಡುವುದೇ ಆಗಿತ್ತು.

ನೀವೂ ಮಲಗುವ ಮುನ್ನ ಹತ್ತು ನಿಮಿಷ ಇದಕ್ಕೆ ಕೊಡಿರಿ. ಹೊಸ ಚೀಟಿಯನ್ನು ಫೈಲಿನ ಮೇಲ್ಭಾಗಕ್ಕೆ ಸೇರಿಸಿರಿ. ಮತ್ತೆ ಬರಬೇಕಾದ ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿರಿ. ಹೊಸ ಮಾತ್ರೆ ಎಷ್ಟು ಹೊತ್ತಿಗೆ ಎಂಬುದನ್ನು ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿರಿ. ವೈದ್ಯರು ಹೇಳಿದ್ದನ್ನು ಮನೆಯವರೆಲ್ಲರಿಗೂ, ಮುಖ್ಯವಾಗಿ ಆ ಹಿರಿಯರಿಗೇ, ಅರ್ಥವಾಗುವಂತೆ ತಿಳಿಸಿರಿ. ಆಮೇಲೆ ಅವರ ಪಕ್ಕದಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತು, ಸಿಮೋನನ ಅತ್ತೆಯ ಕೈಯನ್ನು ಪ್ರಭು ಹಿಡಿದಂತೆ, ಅವರ ಕೈ ಹಿಡಿಯಿರಿ. "ನನ್ನಿಂದ ತೊಂದರೆಯಾಯಿತು" ಎಂದು ಅವರು ಹೇಳಲು ಬಾಯಿ ತೆರೆಯುವ ಮುನ್ನವೇ "ಇವತ್ತು ನಿಮ್ಮ ಜೊತೆ ಇಡೀ ದಿನ ಇರಲು ಸಿಕ್ಕಿತು" ಎಂದು ನೀವು ಹೇಳಿಬಿಡಿರಿ.

ಕುಟುಂಬದಲ್ಲಿ ಚರ್ಚಿಸಿರಿ

1. ನಮ್ಮ ಮನೆಯಲ್ಲಿ ಹೊರಗಿನ ಕೆಲಸಗಳ ಭಾರ ಯಾರ ಮೇಲೆ ಹೆಚ್ಚಾಗಿ ಬೀಳುತ್ತಿದೆ? ಈ ತಿಂಗಳು ಅವರಿಂದ ಯಾವ ಒಂದು ಕೆಲಸವನ್ನು ನಾವು ತೆಗೆದುಕೊಳ್ಳಬಹುದು?

2. ಮನೆಯಿಂದ ಹೊರಗಿದ್ದಾಗ ನಮಗೆ ಬೇಗ ಕೋಪ ತರಿಸುವ ಸಂದರ್ಭ ಯಾವುದು? ಅದಕ್ಕೆ ಯಾವ ಮೃದುವಾದ ಮಾತನ್ನು ಮೊದಲೇ ಸಿದ್ಧಮಾಡಿಕೊಳ್ಳೋಣ?

3. ಜೊತೆಗೆ ಬರುವವರಿಲ್ಲದೆ ಒಬ್ಬರೇ ಆಸ್ಪತ್ರೆಗೆ ಹೋಗುವವರು ನಮ್ಮ ನೆರೆಹೊರೆಯಲ್ಲಿ ಯಾರಿದ್ದಾರೆ?

ಈ ವಾರದ ಅಭ್ಯಾಸ

ಮನೆಯ ಎಲ್ಲ ಹಿರಿಯರ ವೈದ್ಯಕೀಯ ಚೀಟಿಗಳನ್ನು ಒಬ್ಬೊಬ್ಬರಿಗೆ ಒಂದೊಂದು ಫೈಲಿನಂತೆ ಜೋಡಿಸಿರಿ. ಈ ಕೆಲಸವನ್ನು ಮಕ್ಕಳ ಕೈಯಲ್ಲಿ ಮಾಡಿಸಿರಿ. ತಾರೀಖು ಓದುತ್ತಾ ಅಜ್ಜ ಅಜ್ಜಿಯರು ಪಟ್ಟ ಕಷ್ಟ ಅವರಿಗೂ ತಿಳಿಯಲಿ.

ಪ್ರಾರ್ಥನೆ

ಪ್ರಭು ಯೇಸುವೇ, ಊರಿಗೆ ಊರೇ ನಿಮ್ಮ ಬಾಗಿಲಲ್ಲಿ ನೆರೆದಿದ್ದಾಗಲೂ ನೀವು ಒಬ್ಬೊಬ್ಬರನ್ನೂ ನೋಡಿದಿರಿ. ನಾಳೆ ನಾವು ಹೊರಡುವ ದಾರಿಯಲ್ಲಿ ನಮ್ಮೊಡನೆ ಬನ್ನಿರಿ. ನಮ್ಮ ಕೈಗಳಿಗೆ ಸಿದ್ಧತೆಯನ್ನೂ, ನಾಲಿಗೆಗೆ ತಾಳ್ಮೆಯನ್ನೂ, ಕಣ್ಣುಗಳಿಗೆ ಕರುಣೆಯನ್ನೂ ದಯಪಾಲಿಸಿರಿ. ನಮ್ಮ ಜೊತೆ ಬರುವ ಯಾರೂ ತಾನು ಹೊರೆಯೆಂದು ನೊಂದುಕೊಳ್ಳದಿರಲಿ. ಸಂಜೆ ನಮ್ಮೆಲ್ಲರನ್ನೂ ಸಮಾಧಾನದಿಂದ ಮನೆಗೆ ತಲುಪಿಸಿರಿ. ಆಮೆನ್.